ಓದಿದ್ದೆಲ್ಲ ಎಲ್ಲಿ ಹೋಗ್ತದ್ರೀ ಸರ?

ಫೆಬ್ರುವರಿ ಬಂತೆಂದರೆ ನಮ್ಮ ಶಾಲೆಯಲ್ಲಿ ಹೊಟ್ಟೆನೋವಿನ ಸೀಸನ್ ಶುರು. ಎಂಟು, ಒಂಬತ್ತನೇ ತರಗತಿಯಲ್ಲಿ ಅಷ್ಟಿಲ್ಲ. ಹತ್ತನೇ ತರಗತಿಯಲ್ಲಿ ಮಾತ್ರ ಜೋರು. ಪೂರ್ವಸಿದ್ಧತಾ ಪರೀಕ್ಷೆಯ ವೇಳಾಪಟ್ಟಿ ನೋಟಿಸ್ ಬೋರ್ಡಿಗೆ ಹಚ್ಚಿದ ಮರುದಿನವೇ ಯಾವುದಾದರೂ ಹುಡುಗನ ಅವ್ವ ಗೇಟಿನ ಹತ್ತಿರ ಬಂದು ನಿಂತಿರುತ್ತಾರೆ. "ಮುಂಜಾನೆ ಎದ್ದ ಕೂಡ್ಲೇ ಹೊಟ್ಟಿ ಕಡೀತದ ಅಂತಾನ್ರೀ ಸರ. ದವಾಖಾನಿಗಿ ತೋರ್ಸಿದ್ವಿ, ಏನೂ ಇಲ್ಲ ಅಂದ್ರು. ನಾಟಕ ಮಾಡ್ತಾನೇನ್ರೀ?"

ನಾಟಕ ಅಲ್ಲ. ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಎದೆ ಬಡಿತ ಜೋರಾಗುತ್ತದೆ. ರಕ್ತ ಹೊಟ್ಟೆ ಬಿಟ್ಟು ಕೈಕಾಲಿನ ಸ್ನಾಯುಗಳ ಕಡೆ ಹರಿಯುತ್ತದೆ. ಅಂಗೈ ಬೆವರಿ ತಣ್ಣಗಾಗುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುತ್ತದೆ. ಇದೆಲ್ಲ ಓಡುವುದಕ್ಕೋ ಹೊಡೆದಾಡುವುದಕ್ಕೋ ಮೈ ಮಾಡಿಕೊಳ್ಳುವ ತಯಾರಿ. ಹೊಲದಲ್ಲಿ ಹಾವು ಕಂಡಾಗ ಉಪಯೋಗಕ್ಕೆ ಬರುತ್ತದೆ. ಗಣಿತ ಪೇಪರ್ ಮುಂದೆ ಓಡೋಕಾಗುತ್ತಾ? ಮೂರು ತಾಸು ಬೆಂಚಿನ ಮೇಲೆ ಕುಳಿತಿರಲೇಬೇಕು.

ನಾನು ವಿಜಯಪುರದ ಹತ್ತಿರದ ಒಂದು ಊರಿನ ಸರಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಹಾಗಾಗಿ ಈ ಹೊಟ್ಟೆನೋವಿಗೆ ಅರ್ಧ ಕಾರಣ ನನ್ನ ವಿಷಯವೇ ಅನ್ನೋದು ಗೊತ್ತಿದೆ. ಮನೋವಿಜ್ಞಾನ ಓದಿದವನಲ್ಲ. ಆದರೆ ವರ್ಷ ವರ್ಷ ಅದೇ ಮುಖಗಳನ್ನು ನೋಡಿ ನೋಡಿ, ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ಹತ್ತಿತು.

ಮಕ್ಕಳ ಇನ್ನೊಂದು ದೂರು ಹೊಟ್ಟೆನೋವಿಗಿಂತ ದೊಡ್ಡದು. "ಮನ್ಯಾಗ ಎಲ್ಲಾ ಬರ್ತಾವ್ರೀ ಸರ, ಅಲ್ಲಿ ಹೋಗಿ ಕುಂತ್ರ ಒಂದೂ ನೆನಪಾಗಂಗಿಲ್ರಿ. ಓದಿದ್ದೆಲ್ಲ ಎಲ್ಲಿ ಹೋಗ್ತದ್ರೀ?" ಇದನ್ನು ನೆಪ ಎಂದು ತಳ್ಳಿಹಾಕುವ ಮಾಸ್ತರರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. "ಓದಿದ್ರ ನೆನಪಾಗ್ತಿತ್ತು" ಅಂದರೆ ಅವರ ಕೆಲಸ ಮುಗಿಯಿತು.

ಲೆಕ್ಕ ಮಾಡುವಾಗ ತಲೆಯಲ್ಲಿ ಒಂದಿಷ್ಟು ಜಾಗ ಬೇಕು. ಸೂತ್ರ ಹಿಡಿದಿಟ್ಟುಕೊಳ್ಳಬೇಕು, ಬೆಲೆ ಹಾಕಬೇಕು, ಮೈನಸ್ ಚಿಹ್ನೆ ಮರೆಯಬಾರದು, ಮುಂದಿನ ಹಂತ ಯೋಚಿಸಬೇಕು. ಈ ಜಾಗ ಎಲ್ಲರಿಗೂ ಸ್ವಲ್ಪವೇ ಇರೋದು. ಅಲ್ಲಿಗೇ ಬಂದು "ಫೇಲಾದ್ರ ಅಪ್ಪ ಏನಂತಾನ" ಅನ್ನುವ ಯೋಚನೆ ಕುಳಿತರೆ ಲೆಕ್ಕಕ್ಕೆ ಉಳಿಯುವ ಜಾಗ ಎಷ್ಟು? 1967ರಲ್ಲೇ ಲೀಬರ್ಟ್ ಮತ್ತು ಮಾರಿಸ್ ಎಂಬ ಇಬ್ಬರು ಮನೋವಿಜ್ಞಾನಿಗಳು ಪರೀಕ್ಷೆಯ ಭಯವನ್ನು ಎರಡಾಗಿ ಬಿಡಿಸಿ ನೋಡಿದ್ದರು. ಒಂದು ಮೈಯ ಗಾಬರಿ, ಅಂದರೆ ಎದೆ ಬಡಿತ, ಬೆವರು, ನಡುಕ. ಇನ್ನೊಂದು ತಲೆಯ ಚಿಂತೆ. ಅಂಕ ಕಡಿಮೆಯಾಗುವುದಕ್ಕೆ ಹೆಚ್ಚು ನಂಟು ಇರುವುದು ಚಿಂತೆಗೇ ಹೊರತು ನಡುಕಕ್ಕಲ್ಲ ಎಂದು ಆಮೇಲಿನ ಅಧ್ಯಯನಗಳೂ ಹೇಳುತ್ತಾ ಬಂದಿವೆ. ನನಗೆ ಇದು ಬಹಳ ಉಪಯೋಗಕ್ಕೆ ಬಂದ ಮಾತು. ಕೈ ನಡುಗಲಿ ಬಿಡಿ. ನಡುಗುವ ಕೈಯಿಂದಲೇ ನೂರಕ್ಕೆ ತೊಂಬತ್ತು ತೆಗೆದ ಹುಡುಗಿಯರನ್ನು ನೋಡಿದ್ದೇನೆ.

ಮೈಯ ಗಾಬರಿ ಸ್ವಲ್ಪ ಇದ್ದರೆ ಒಳ್ಳೆಯದೇ. ಒಂಚೂರೂ ಇಲ್ಲದವನು ಪ್ರಶ್ನೆಪತ್ರಿಕೆಯ ಹಿಂದಿನ ಪುಟ ತಿರುವಿ ನೋಡುವುದನ್ನೇ ಮರೆತು ಎದ್ದು ಬರುತ್ತಾನೆ. ಹಾರ್ವರ್ಡ್‌ನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಮಜಾ ಇದೆ. ಗಣಿತದ ಪರೀಕ್ಷೆಗೆ, ಭಾಷಣಕ್ಕೆ, ಹಾಡುವುದಕ್ಕೆ ಮೊದಲು ಒಂದು ಗುಂಪಿಗೆ ಶಾಂತವಾಗಿರಿ ಅಂದರು. ಇನ್ನೊಂದು ಗುಂಪಿಗೆ ಹುರುಪು ತಂದುಕೊಳ್ಳಿ ಅಂದರು. ಹುರುಪಿನವರೇ ಚೆನ್ನಾಗಿ ಮಾಡಿದರು. ಎದೆ ಡವಡವ ಅನ್ನುತ್ತಿರುವಾಗ ಶಾಂತವಾಗಿರು ಅನ್ನೋದು ಆಗದ ಮಾತು. ನಾನು ಮಕ್ಕಳಿಗೆ "ಮೈ ತಯಾರಾಗ್ಯಾದ, ನಡೀರಿ" ಅನ್ನುತ್ತೇನೆ. ಹುಡುಗರು ನಗುತ್ತಾರೆ. ನಕ್ಕರೂ ಸಾಕು.

ಇಲ್ಲಿಯವರೆಗೆ ಹೇಳಿದ್ದು ಹದಿನೈದು, ಹದಿನಾರರ ಮಕ್ಕಳ ಮಾತಾಯಿತು. ನಮ್ಮ ಜಿಲ್ಲೆಯಲ್ಲಿ ಪರೀಕ್ಷೆಯ ಭಯ ಹತ್ತು ವರ್ಷಕ್ಕೇ ಶುರುವಾಗುತ್ತದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು.

ವಿಜಯಪುರದಲ್ಲಿ ಒಮ್ಮೆ ಸುಮ್ನೆ ಓಡಾಡಿ ನೋಡಿ. ಕಂಬಕ್ಕೊಂದು ಬೋರ್ಡು: ಸೈನಿಕ, ನವೋದಯ, ಕಿತ್ತೂರು, ಮೊರಾರ್ಜಿ, ಆದರ್ಶ ಕೋಚಿಂಗ್. ಫ್ಲೆಕ್ಸ್ ತುಂಬ ಪಾಸ್‌ಪೋರ್ಟ್ ಸೈಜಿನ ಪುಟ್ಟ ಪುಟ್ಟ ಮುಖಗಳು, ಕೆಳಗೆ ಅಂಕ. ಊರಲ್ಲೇ 1963ರಿಂದ ಸೈನಿಕ ಶಾಲೆ ಇದೆ, ಆಲಮಟ್ಟಿಯಲ್ಲಿ ನವೋದಯ ಇದೆ, ಹೆಣ್ಣುಮಕ್ಕಳಿಗೆ ಕಿತ್ತೂರಿನ ಸೈನಿಕ ಶಾಲೆ ಇದೆ. ಎಲ್ಲಕ್ಕೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆ. ಹಾಗಾಗಿ ನಾಲ್ಕನೇ, ಐದನೇ ತರಗತಿಯ ಮಕ್ಕಳನ್ನು ಕೋಚಿಂಗ್‌ಗೆ ಹಚ್ಚುತ್ತಾರೆ. ಎಷ್ಟೋ ಮಕ್ಕಳು ಅಲ್ಲಿನ ಹಾಸ್ಟೆಲ್‌ನಲ್ಲೇ ಇರುತ್ತಾರೆ. ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಾರೆ, ರಾತ್ರಿ ಹತ್ತರವರೆಗೆ ಓದಿಸುತ್ತಾರೆ.

2024ರಲ್ಲಿ ನವೋದಯ ಪರೀಕ್ಷೆ ಜನವರಿ 20ಕ್ಕೆ ಇತ್ತು, ಸೈನಿಕ ಶಾಲೆಯದು 28ಕ್ಕೆ. ಸಂಕ್ರಾಂತಿಯ ಹೊತ್ತಿಗೆ ನಮ್ಮ ಸಿದ್ಧೇಶ್ವರ ಜಾತ್ರೆ. ಇಡೀ ಊರು ಜಾತ್ರೆಯಲ್ಲಿದ್ದಾಗ ಈ ಮಕ್ಕಳು ಓಎಂಆರ್ ಹಾಳೆಯಲ್ಲಿ ಗೋಲಿ ತುಂಬುತ್ತಿದ್ದರು.

ಇಷ್ಟು ಹೇಳಿ, ಕೋಚಿಂಗ್ ಎಂದರೆ ಪಾಪ ಎಂದು ತೀರ್ಪು ಕೊಡಲು ನನ್ನಿಂದಾಗದು. ಇಂಡಿ, ಸಿಂದಗಿ ಕಡೆಯಿಂದ ಗೋವೆಗೋ ಪುಣೆಗೋ ದುಡಿಯಲು ಹೋಗುವ ಮನೆಯವರಿಗೆ ಮಗುವಿಗೊಂದು ವಸತಿ ಶಾಲೆಯ ಸೀಟು ಸಿಕ್ಕರೆ ಏಳು ವರ್ಷ ಊಟ, ಓದು, ಹಾಸಿಗೆ ಎಲ್ಲದರ ಚಿಂತೆ ಹೋಯಿತು. ಅದು ಸಣ್ಣ ಮಾತಲ್ಲ. ನನ್ನ ತಕರಾರು ಇರುವುದು, ಆ ಸೀಟಿನ ಪೂರ್ತಿ ಭಾರವನ್ನು ಹತ್ತು ವರ್ಷದ ಮಗುವಿನ ಹೆಗಲಿಗೆ ಹಾಕುವ ಬಗ್ಗೆ. ನನ್ನ ಅಣ್ಣನ ಮಗ ಕೋಚಿಂಗ್‌ನಲ್ಲಿದ್ದಾಗ ಭೇಟಿಗೆ ಹೋಗಿದ್ದೆ. ಅವನ ಪಕ್ಕದ ಹುಡುಗ ತಾನಾಗಿಯೇ ಬಂದು ಮಾತಾಡಿಸಿದ. "ಕಾಕಾ, ನಮ್ಮಪ್ಪ ನನ್ನ ಸಲುವಾಗಿ ಸಾಲಾ ಮಾಡ್ಯಾನ. ಸೀಟ್ ಸಿಗ್ಲಿಲ್ಲಂದ್ರ ಹೆಂಗ?" ಕೈಯಲ್ಲಿ ಉಗುರೇ ಇರಲಿಲ್ಲ, ಕಚ್ಚಿ ಕಚ್ಚಿ ಬೆರಳಿನ ತುದಿ ಕೆಂಪಾಗಿತ್ತು. ಆ ಸಾಲದ ಮೊತ್ತ ಎಷ್ಟು ಅನ್ನೋದೂ ಅವನಿಗೆ ಬಾಯಿಪಾಠ ಇತ್ತು.

ಆ ಮಗುವಿಗೆ ದೊಡ್ಡವರು ಹೇಳಬೇಕಾದ ಲೆಕ್ಕ ಒಂದಿದೆ. ನವೋದಯದ ಒಂದು ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಪರೀಕ್ಷೆ ಬರೆಯುವವರು ಸಾವಿರಗಟ್ಟಲೆ. ಅಂದರೆ ಚೆನ್ನಾಗಿ ಬರೆದ ಬಹಳಷ್ಟು ಮಕ್ಕಳಿಗೂ ಸೀಟು ಸಿಗೋದಿಲ್ಲ. ಇದು ಪಾಸು, ಫೇಲಿನ ಪರೀಕ್ಷೆಯೇ ಅಲ್ಲ. ಆರನೇ ತರಗತಿಗೆ ಒಂದೇ ಸಲ ಬರೆಯಲು ಬಿಡುತ್ತಾರೆ ನಿಜ. ಆದರೆ ಒಂಬತ್ತನೇ ತರಗತಿಯಲ್ಲಿ ಖಾಲಿ ಉಳಿದ ಸೀಟಿಗೆ ಮತ್ತೆ ಪರೀಕ್ಷೆ ಇರುತ್ತದೆ. ಇದನ್ನು ಫಲಿತಾಂಶ ಬಂದ ಮೇಲೆ ಹೇಳಿದರೆ ಸಮಾಧಾನದ ಮಾತು ಅನ್ನಿಸುತ್ತದೆ. ಅರ್ಜಿ ತುಂಬುವ ದಿನವೇ ಹೇಳಿದರೆ ಮಗು ನಂಬುತ್ತದೆ.

ಪೇಪರಿನ ಮಾತು ಬಂದರೆ, ನವೋದಯದಲ್ಲಿ ಎರಡು ತಾಸಿಗೆ 80 ಪ್ರಶ್ನೆ. ಸೈನಿಕ ಶಾಲೆಯ ಆರನೇ ತರಗತಿ ಪರೀಕ್ಷೆಯಲ್ಲಿ 150 ನಿಮಿಷಕ್ಕೆ 125 ಪ್ರಶ್ನೆ. ಎರಡರಲ್ಲೂ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಈ ಒಂದು ವಿಷಯ ಸರಿಯಾಗಿ ತಿಳಿದರೆ ಗೊತ್ತಿಲ್ಲದ ಪ್ರಶ್ನೆ ಕಂಡಾಗ ಮಗು ಅಲ್ಲೇ ಸಿಕ್ಕಿಕೊಂಡು ಕೂರುವುದಿಲ್ಲ. ಏನೋ ಒಂದು ತುಂಬಿ ಮುಂದೆ ಹೋಗುತ್ತದೆ.

ಮತ್ತೆ ಹತ್ತನೇ ತರಗತಿಗೆ ಬರೋಣ. ಓದಿದ್ದು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಗೆ ಚಿಂತೆ ಒಂದೇ ಉತ್ತರವಲ್ಲ. ನಮ್ಮ ಮಕ್ಕಳು ಓದುವ ರೀತಿಯಲ್ಲೇ ಇನ್ನೊಂದು ಉತ್ತರ ಇದೆ. ಮಾಳಿಗೆ ಮೇಲೆ ಅತ್ತಿಂದಿತ್ತ ಅಡ್ಡಾಡುತ್ತಾ ಅದೇ ಪಾಠವನ್ನು ನಾಲ್ಕು ಸಲ ಗಟ್ಟಿಯಾಗಿ ಓದುತ್ತಾರೆ. ನಾಲ್ಕನೇ ಸಲ ಸರಾಗವಾಗಿ ಬರುತ್ತದೆ. "ಬಂತು" ಅಂದುಕೊಂಡು ಪುಸ್ತಕ ಮುಚ್ಚುತ್ತಾರೆ. ಬಂದಿದ್ದು ಓದು ಮಾತ್ರ. ನೆನಪಿನಿಂದ ಹೊರಗೆ ತೆಗೆಯುವ ಕೆಲಸವನ್ನು ಅವರು ಒಮ್ಮೆಯೂ ಮಾಡಿಲ್ಲ. ಅದನ್ನು ಮೊದಲ ಸಲ ಮಾಡುವುದು ಪರೀಕ್ಷೆಯ ಕೋಣೆಯಲ್ಲಿ!

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಇದನ್ನು ಪ್ರಯೋಗ ಮಾಡಿ ತೋರಿಸಿದರು. ಒಂದೇ ಬರಹವನ್ನು ಕೆಲವರು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಮುಚ್ಚಿಟ್ಟು, ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿಟ್ಟು ಬರೆದವರು ಮುಂದೆ ಬಂದರು. ಅದಕ್ಕೇ ನನ್ನ ತರಗತಿಯಲ್ಲಿ ಡಿಸೆಂಬರ್‌ನಿಂದ ದಿನಾ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿ ನಿನ್ನೆಯದನ್ನು ಬರೆಯುವುದು. ಅಂಕ ಇಲ್ಲ, ಕೆಂಪು ಪೆನ್ನು ಇಲ್ಲ. ತಪ್ಪಿದ್ದನ್ನು ಅವರೇ ಪುಸ್ತಕ ತೆರೆದು ನೋಡಿಕೊಳ್ಳುತ್ತಾರೆ. ಮೊದಮೊದಲು ಗೊಣಗುತ್ತಾರೆ. ಅಂಕ ಇಲ್ಲ ಅಂತ ಖಾತ್ರಿಯಾದ ಮೇಲೆ ಗೊಣಗಾಟ ನಿಲ್ಲುತ್ತದೆ.

ಒಬ್ಬ ಹುಡುಗಿಯ ಮಾತು ಹೇಳುತ್ತೇನೆ. ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಎಂಬ ಪ್ರಮೇಯ ಆಕೆಗೆ ಕರಿಹಲಗೆಯ ಮೇಲೆ ಚೆನ್ನಾಗಿ ಬರುತ್ತಿತ್ತು. ಟೆಸ್ಟ್ ಅಂದರೆ ಬಿಳಿ ಹಾಳೆ. ಒಂದು ದಿನ ಪಕ್ಕದಲ್ಲಿ ನಿಂತು ನೋಡಿದೆ. "ದತ್ತ" ಎಂದು ಬರೆದು, ಮುಂದಿನ ವಾಕ್ಯ ಪುಸ್ತಕದಲ್ಲಿ ಇದ್ದ ಹಾಗೇ ನೆನಪಿಸಿಕೊಳ್ಳಲು ಒದ್ದಾಡುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು, ಪೆನ್ನು ಅಲ್ಲಾಡುತ್ತಿರಲಿಲ್ಲ. "ತಂಗಿ, ಬರೀಬ್ಯಾಡ. ಮೊದಲ ಚಿತ್ರ ತಗಿ" ಅಂದೆ. ವೃತ್ತ ಬಂತು. ಹೊರಗೊಂದು ಚುಕ್ಕೆ, ಎರಡು ಸ್ಪರ್ಶಕ. ಕೇಂದ್ರದಿಂದ ಎರಡು ತ್ರಿಜ್ಯ ಎಳೆದಳು, ಹೊರಗಿನ ಚುಕ್ಕೆಗೂ ಒಂದು ಗೆರೆ. ಮೂಲೆಯಲ್ಲಿ ಲಂಬಕೋನದ ಗುರುತು ಹಾಕುವಷ್ಟರಲ್ಲಿ "ಹಾಂ, ಎರಡೂ ತ್ರಿಭುಜ ಸರ್ವಸಮ" ಎಂದು ತಾನೇ ಅಂದಳು. ಅಲ್ಲಿಂದ ಮುಂದೆ ನನ್ನ ಅಗತ್ಯ ಇರಲಿಲ್ಲ. ತಲೆ ಖಾಲಿಯಾದಾಗ ಕೈಗೆ ಏನಾದರೂ ಕೆಲಸ ಕೊಡಬೇಕು. ಚಿತ್ರವೋ, ಸೂತ್ರವೋ, ದತ್ತಾಂಶವೋ. ವಿಜ್ಞಾನದಲ್ಲೂ ಇದು ನಡೆಯುತ್ತದೆ. ಸಮಾಜ ವಿಜ್ಞಾನಕ್ಕೆ ನಕ್ಷೆಯ ಪ್ರಶ್ನೆ ಇದ್ದೇ ಇರುತ್ತದೆ, ಅದನ್ನೇ ಮೊದಲು ಹಿಡಿಯಿರಿ ಅನ್ನುತ್ತೇನೆ.

ಇನ್ನು ಕೋಣೆಯ ಭಯ. ಬೇರೆ ಶಾಲೆ, ಬೇರೆ ಬೆಂಚು, ಗುರುತಿಲ್ಲದ ಮೇಲ್ವಿಚಾರಕರು, ಬಾಗಿಲಲ್ಲಿ ಪೊಲೀಸರು, ನಡುವೆ ಸ್ಕ್ವಾಡ್. ಗೋಡೆಯ ಮೇಲೆ ಕ್ಯಾಮೆರಾ, 2024ರಿಂದ ಅದರ ದೃಶ್ಯ ನೇರವಾಗಿ ಅಧಿಕಾರಿಗಳಿಗೆ ಕಾಣುವ ವೆಬ್‌ಕಾಸ್ಟಿಂಗ್ ಕೂಡ. ವೆಬ್‌ಕಾಸ್ಟಿಂಗ್ ಬಂದ ಆ ವರ್ಷ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಇಳಿಕೆಗೆ ನಕಲು ನಿಂತಿದ್ದೇ ಕಾರಣ ಅಂದರು ಎಲ್ಲರೂ. ನಕಲು ನಿಲ್ಲಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಾಮಾಣಿಕವಾಗಿ ಓದಿದ ಮಗುವೂ ಕತ್ತು ಹೊರಳಿಸಲು ಹೆದರಿ ಮೂರು ತಾಸು ಕಟ್ಟಿಗೆಯ ಹಾಗೆ ಕುಳಿತಿತ್ತು. ಕ್ಯಾಮೆರಾ ಏನು ನೋಡುತ್ತದೆ, ಏನನ್ನು ತಪ್ಪು ಅನ್ನುವುದಿಲ್ಲ ಎಂದು ಅವಕ್ಕೆ ಯಾರೂ ಬಿಡಿಸಿ ಹೇಳಿರಲಿಲ್ಲ. ನೀರು ಕುಡಿಯಬಹುದು, ಬೆನ್ನು ನೆಟ್ಟಗೆ ಮಾಡಬಹುದು, ಪೆನ್ನು ಬಿದ್ದರೆ ಕೈ ಎತ್ತಿ ಹೇಳಬಹುದು. ಇಷ್ಟು ಹೇಳಲು ಎರಡು ನಿಮಿಷ ಸಾಕು.

ಕಾರಹುಣ್ಣಿಮೆಯ ಓಟದಲ್ಲಿ ಕರಿ ಹರಿಯೋ ಎತ್ತನ್ನು ಯಾರೂ ಅವತ್ತೇ ಮೊದಲ ಸಲ ಜನರ ನಡುವೆ ತಂದು ನಿಲ್ಲಿಸುವುದಿಲ್ಲ. ನಾವು ಪೂರ್ವಸಿದ್ಧತಾ ಪರೀಕ್ಷೆಯನ್ನು ಆದಷ್ಟು ಅಸಲಿ ಪರೀಕ್ಷೆಯ ಹಾಗೆಯೇ ನಡೆಸುತ್ತೇವೆ. ಮಕ್ಕಳನ್ನು ಅವರ ತರಗತಿಯಲ್ಲಿ ಕೂರಿಸುವುದಿಲ್ಲ. ಪಕ್ಕದ ಪ್ರಾಥಮಿಕ ಶಾಲೆಯ ಅಕ್ಕೋರನ್ನು ಮೇಲ್ವಿಚಾರಣೆಗೆ ಕರೆಯುತ್ತೇವೆ. ಹಾಲ್ ಟಿಕೆಟ್, ಪ್ಯಾಡು, ಗಂಟೆ, ಸಹಿ ಎಲ್ಲ ಹಾಗೆಯೇ. ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷವನ್ನು ಹೇಗೆ ಬಳಸಬೇಕು ಎಂಬುದನ್ನೂ ಅಲ್ಲೇ ರೂಢಿ ಮಾಡಿಸುತ್ತೇವೆ. ಬರುವ ಪ್ರಶ್ನೆಗಳನ್ನು ಹುಡುಕುವುದು, ಬರದಿರುವುದನ್ನು ಲೆಕ್ಕ ಹಾಕುತ್ತಾ ಕೂರದಿರುವುದು. ಮೊದಲು ಬರೆಯುವ ಉತ್ತರ ಚೆನ್ನಾಗಿ ಗೊತ್ತಿರುವುದೇ ಆಗಿರಬೇಕು. ಉಸಿರಿನ ಕಸರತ್ತು ಬೇಕೆನ್ನುವವರಿಗೆ ಒಂದೇ ಒಂದು: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದಾರು ಸಲ. ಉಸಿರು ಬಿಡುವುದು ಉದ್ದವಾದಷ್ಟೂ ಎದೆ ಬಡಿತ ನಿಧಾನವಾಗುತ್ತದೆ.

ಇನ್ನೊಂದು ಪ್ರಯತ್ನವೂ ಇದೆ. ಷಿಕಾಗೊ ವಿಶ್ವವಿದ್ಯಾಲಯದ ರಾಮಿರೆಜ್ ಮತ್ತು ಬೈಲಾಕ್ 2011ರಲ್ಲಿ ಪ್ರಕಟಿಸಿದ್ದು. ಒಂಬತ್ತನೇ ತರಗತಿಯ ಮಕ್ಕಳಿಗೆ ಜೀವವಿಜ್ಞಾನದ ಪರೀಕ್ಷೆಗೆ ಮೊದಲು ಹತ್ತು ನಿಮಿಷ ತಮ್ಮ ಹೆದರಿಕೆಯನ್ನೇ ಬರೆಯಲು ಹೇಳಿದರು. ಹೆಚ್ಚು ಹೆದರುವ ಮಕ್ಕಳಿಗೆ ಅದರಿಂದ ಅನುಕೂಲವಾಯಿತು. ಎಲ್ಲ ಕಡೆಯೂ ಅಷ್ಟೇ ಫಲ ಸಿಕ್ಕಿದೆ ಅಂತಲ್ಲ. ಆದರೆ ಖರ್ಚು ಒಂದು ಹಾಳೆ, ಹಾಗಾಗಿ ಮಾಡಿಸುತ್ತೇನೆ. ಹಾಳೆ ನಾನು ನೋಡುವುದಿಲ್ಲ, ಹರಿದು ಹಾಕಿ ಅನ್ನುತ್ತೇನೆ. ಒಬ್ಬ ಹುಡುಗ ಮಾತ್ರ ಬೇಕೆಂದೇ ತಂದು ತೋರಿಸಿದ. ಒಂದೇ ಸಾಲು ಇತ್ತು: "ನಮ್ಮ ಮಾಮಾ ಫೋನ್ ಮಾಡಿ ಎಷ್ಟ ಬಿದ್ವು ಅಂತ ಕೇಳ್ತಾನ."

ಪ್ರಶ್ನೆಪತ್ರಿಕೆಗಿಂತ ಮಕ್ಕಳು ಹೆದರುವುದು ಈ ಫೋನಿಗೆ. 2024ರಲ್ಲಿ ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ 625ಕ್ಕೆ 625 ತೆಗೆದು ರಾಜ್ಯಕ್ಕೇ ಮೊದಲು ಬಂದಳು. ಸರಕಾರಿ ವಸತಿ ಶಾಲೆಯ ಹುಡುಗಿ ಎಂದು ನಮಗೆಲ್ಲ ಹೆಮ್ಮೆ. ಆದರೆ ಅವತ್ತು ಸಂಜೆಯಿಂದ ನಮ್ಮ ಸುತ್ತಲಿನ ಮನೆಗಳಲ್ಲಿ ಆ ಅಂಕ ಬೈಗುಳವಾಯಿತು. "ನೋಡು ಆಕೀನ, ಆಕಿ ಏನ್ ತಿಂತಾಳ, ನೀ ಏನ್ ತಿಂತಿ?" ಪಾಪ, ಆ ಹುಡುಗಿಗೆ ತನ್ನ ಅಂಕದಿಂದ ಎಷ್ಟು ಮಕ್ಕಳಿಗೆ ಏಟು ಬಿತ್ತು ಅನ್ನೋದು ಗೊತ್ತೂ ಇರಲಿಕ್ಕಿಲ್ಲ.

ಮನೆಯವರಿಗೆ ನಾನು ಹೇಳುವುದು ಬಹಳ ಇಲ್ಲ. ಪರೀಕ್ಷೆ ಮುಗಿಯುವವರೆಗೆ ನೆಂಟರ ಫೋನು ನೀವೇ ಎತ್ತಿ, ಮಗುವಿನ ಕೈಗೆ ಕೊಡಬೇಡಿ. ಪೇಪರ್ ಮುಗಿಸಿ ಬಂದ ಮಗುವನ್ನು ಪ್ರಶ್ನೆಪತ್ರಿಕೆ ಹಿಡಿದು ಒಂದೊಂದೇ ಉತ್ತರ ಕೇಳಬೇಡಿ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಕೀ ಉತ್ತರವಂತೂ ಬೇಡವೇ ಬೇಡ, ನಾಳಿದ್ದು ಇನ್ನೊಂದು ಪೇಪರ್ ಇರುತ್ತದೆ. ಸೆಂಟರ್ ಬೇರೆ ಊರಲ್ಲಿದ್ದರೆ ಹಿಂದಿನ ದಿನ ಹೋಗಿ ಕೋಣೆ ನೋಡಿಕೊಂಡು ಬನ್ನಿ. ಯಾವ ಬಸ್ಸು ಎಷ್ಟಕ್ಕೆ ಎಂಬುದು ಗೊತ್ತಿದ್ದರೆ ಅರ್ಧ ಗಾಬರಿ ಅಲ್ಲೇ ಹೋಗುತ್ತದೆ. ದಿನಾ ತಿನ್ನುವುದನ್ನೇ ತಿನ್ನಿಸಿ. ಉಪ್ಪಿಟ್ಟು, ಸುಸಲಾ, ಬಿಸಿ ರೊಟ್ಟಿ, ಯಾವುದಾದರೂ ಸರಿ. ಅವತ್ತೇ ಹೊಸದಾಗಿ ಬಾದಾಮಿ ಹಾಲು ಕುಡಿಸಿ ಹೊಟ್ಟೆ ಕೆಡಿಸಿದವರನ್ನು ಕಂಡಿದ್ದೇನೆ.

ನಿದ್ದೆಯ ವಿಷಯದಲ್ಲಿ ಮಾತ್ರ ಜಗಳಕ್ಕೇ ನಿಲ್ಲುತ್ತೇನೆ. ನಮ್ಮ ಕಡೆ ನಾಲ್ಕಕ್ಕೆ ಎದ್ದು ಓದುವುದೆಂದರೆ ಭಾರೀ ಗೌರವ. ಏಳಲಿ, ಬೇಡ ಅನ್ನೋದಿಲ್ಲ. ಹಾಗಿದ್ದರೆ ರಾತ್ರಿ ಎಂಟಕ್ಕೆ ಮಲಗಿಸಿ. ಈ ವಯಸ್ಸಿಗೆ 8ರಿಂದ 10 ತಾಸು ನಿದ್ದೆ ಬೇಕು. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ಮಾರ್ಚ್ ಕೊನೆಯ ವಿಜಯಪುರದ ಸೆಕೆಯಲ್ಲಿ ಒಳಗೆ ನಿದ್ದೆ ಬರೋದಿಲ್ಲ ನಿಜ, ಮಾಳಿಗೆ ಮೇಲೆ ಹಾಸಿಕೊಡಿ. ಟಿವಿಯ ಸದ್ದು ಮನೆಮಂದಿಯೆಲ್ಲ ಸೇರಿ ಕಡಿಮೆ ಮಾಡಿ.

ಕೆಲವು ಮಕ್ಕಳಿಗೆ ಇದ್ಯಾವುದೂ ಸಾಲುವುದಿಲ್ಲ. ವಾರಗಟ್ಟಲೆ ಊಟ ಬಿಟ್ಟರೆ, ನಿದ್ದೆ ಹೋದರೆ, ಶಾಲೆಗೇ ಬರುವುದಿಲ್ಲ ಅಂದರೆ, "ನಾ ಇರ್ಲಿಲ್ಲಂದ್ರ ಛಲೋ ಇತ್ತು" ಅನ್ನುವಂಥ ಮಾತು ಒಮ್ಮೆ ಬಂದರೂ ಸರಿ, ಅದು ಮಾಸ್ತರರು ಬುದ್ಧಿ ಹೇಳಿ ಮುಗಿಸುವ ವಿಷಯವಲ್ಲ. ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಕ್ಕಳ ಸಹಾಯವಾಣಿ 1098 ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಅಲ್ಲಿಗೆ ಹೋದರೆ ಹುಚ್ಚು ಅಂತಾರೆ ಎಂದು ಹಿಂಜರಿಯುವ ತಂದೆತಾಯಿಯ ಜೊತೆ ನಾನೇ ಹೋಗಿದ್ದೂ ಉಂಟು. ಊರಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಹುಡುಗಿ ಆಮೇಲೆ ಶಾಲೆಗೆ ಬಂದಳು.

ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಆಗಿರುವುದು ಮಕ್ಕಳ ಪಾಲಿಗೆ ನಿಜವಾಗಿ ಒಳ್ಳೆಯದಾಯಿತು. 2024ರಲ್ಲಿ ಪರೀಕ್ಷೆ 1, 2, 3 ಎಂದು ಹೆಸರಿಟ್ಟರು, ಪೂರಕ ಪರೀಕ್ಷೆ ಎಂಬ ಹಣೆಪಟ್ಟಿ ಹೋಯಿತು. ಪಾಸಾದವರೂ ಅಂಕ ಸಾಲದು ಅನ್ನಿಸಿದರೆ ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕ ಉಳಿಯುತ್ತದೆ. ಮೌಲ್ಯಮಾಪನದ ಹೊರೆ, ರಜೆಯ ಕಡಿತ ಎಂದು ನಾವು ಮಾಸ್ತರರು ಗೊಣಗುತ್ತೇವೆ. ಆ ಗೊಣಗಾಟ ಮಕ್ಕಳ ಮುಂದೆ ಬೇಡ. ಮಾರ್ಚ್‌ಗೆ ಮೊದಲೇ ನಾನು ಇದರ ಬಗ್ಗೆ ತರಗತಿಯಲ್ಲಿ ಬಿಡಿಸಿ ಹೇಳುತ್ತೇನೆ. ಓದು ಸಡಿಲ ಆಗುತ್ತದೆ ಎಂದು ಕೆಲವು ಸಹೋದ್ಯೋಗಿಗಳ ಆಕ್ಷೇಪ. ನನ್ನ ಕಣ್ಣಿಗೆ ಹಾಗೆ ಸಡಿಲಾದವರು ಕಂಡಿಲ್ಲ.

ಕಳೆದ ಫಲಿತಾಂಶದ ಮರುದಿನ ದ್ರಾಕ್ಷಿ ತೋಟದ ಕೆಲಸ ಬಿಟ್ಟು ಒಬ್ಬರು ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದರು. ಹುಡುಗನಿಗೆ ಗಣಿತ ಹೋಗಿತ್ತು. ಬೈಗುಳಕ್ಕೆ ನಾನು ತಯಾರಾಗಿದ್ದೆ, ಅವನಿಗೋ ನನಗೋ ಗೊತ್ತಿರಲಿಲ್ಲ. ಆ ಯಜಮಾನರು ಕೇಳಿದ್ದು ಇಷ್ಟೇ: "ಎರಡನೇದು ಯಾವಾಗ್ರೀ ಸರ? ಅರ್ಜಿ ಎಲ್ಲಿ ತುಂಬಬೇಕ್ರೀ?" ಆಫೀಸಿಗೆ ಕರೆದುಕೊಂಡು ಹೋಗಿ ತುಂಬಿದೆವು. ಹುಡುಗ ಅಲ್ಲಿಯವರೆಗೂ ತಲೆ ಎತ್ತಿರಲಿಲ್ಲ. ಸಹಿ ಮಾಡುವಾಗ ಮೆಲ್ಲಗೆ ಕೇಳಿದ, "ಸರ, ಹಿಂದೀನೂ ಬರೀಬೇಕೇನ್ರೀ?"

"ಹಿಂದಿ ಪಾಸಾಗಿಯಲ್ಲೋ, ಗಣಿತ ಒಂದ ಬರಿ" ಅಂದೆ. ಸೋಮವಾರದಿಂದ ಕ್ಲಾಸಿಗೆ ಬಂದ.